‘ಸಹಾಯ ಮಾಡಿದೆ’ ಎಂದು ಬರೆದವಳು

ಶಿರಗುಪ್ಪಿ
ಶ್ರಾವಣದ ಕೊನೆಯ ಶುಕ್ರವಾರ, ೨೨-೮-೨೦೨೫

ಪೂಜ್ಯ ಆಯಿಯವರಿಗೆ, ನಿಮ್ಮ ಸೊಸೆ ಮಂಗಲಳ ಜಯ ಜಿನೇಂದ್ರ.

ಮೊಣಕಾಲು ಹೇಗಿದೆ ಆಯಿ? ಕುಂಭೋಜದಲ್ಲಿ ನೀವು ಇಳಿದುಕೊಂಡ ಕೋಣೆಗೆ ಮೆಟ್ಟಿಲು ಬಹಳ ಎಂದು ಹೋದ ವಾರ ಬಂದುಹೋದ ಓಣಿಯ ಹೆಂಗಸರು ಹೇಳಿದಾಗಿನಿಂದ ನನಗೆ ಅದೇ ಚಿಂತೆ. ಒಂದೇ ಹೊತ್ತಿನ ಊಟದ ನಿಯಮ ಹಿಡಿದಿದ್ದೀರಿ, ಇರಲಿ. ಊಟಕ್ಕೆ ಕೂತಾಗ ಕಾಯಿಸಿದ ನೀರನ್ನಾದರೂ ಹೊಟ್ಟೆ ತುಂಬ ಕುಡಿಯಿರಿ. ನೋವಿನ ಎಣ್ಣೆ ಚೀಲದ ಒಳಜೇಬಿನಲ್ಲಿದೆ, ಅದನ್ನು ಯಾರಿಗೋ ದಾನ ಮಾಡಿ ಕೂಡಬೇಡಿ. ಚಾತುರ್ಮಾಸ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲ ಎಂದು ನೀವು ಮುನಿಗಳ ಮುಂದೆ ನಿಯಮ ತೆಗೆದುಕೊಂಡಾಗ ನಿಮ್ಮ ಮಗ ನಕ್ಕಿದ್ದರು, “ಆಯಿಗೆ ಎಂಟ ದಿನಾನೂ ಆಗೂದಿಲ್ಲ” ಎಂದು. ಈಗ ಅವರೇ ಸಂಜೆ ನಿಮ್ಮ ನಂಬರು ಒತ್ತಿ, ಬಂದ್ ಇದೆ ಎಂದು ಕೇಳಿಸಿಕೊಂಡು, ಸುಮ್ಮನೆ ಕಟ್ಟೆಯ ಮೇಲೆ ಕೂಡುತ್ತಾರೆ. ಭಾನುವಾರ ಆಹಾರದಾನಕ್ಕೆಂದು ನಮ್ಮೂರವರ ಗಾಡಿ ಅಲ್ಲಿಗೆ ಬರುತ್ತದಲ್ಲ, ಈ ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಯಿಂದ ಹೇಳಿ ಕಳಿಸಬಹುದಿತ್ತು. ಆದರೆ ಗಾಡಿ ನಡೆಸುವ ನಿಮ್ಮ ಮಗ ಉತ್ತಮರಾಯರು ಮಾತು ಒಯ್ಯುವ ರೀತಿ ಹೆತ್ತವರಾದ ನಿಮಗೇ ಗೊತ್ತು, ಅರ್ಧ ಮಿರಜದಲ್ಲಿ ಇಳಿದುಬಿಡುತ್ತದೆ.

ಇಲ್ಲಿ ಎಲ್ಲ ನೆಟ್ಟಗಿದೆ. ಹೊಳೆ ಏರಿ ತಗ್ಗಿನ ಕಬ್ಬಿನಲ್ಲಿ ನೀರು ನಿಂತಿತ್ತು, ಇನ್ನು ಇಳಿಯಬಹುದು. ಕಾಲೇಜಿನಲ್ಲಿ ನನ್ನ ಪಾಠ ಹೇಳುವುದು ನಡೆದಿದೆ. ಕಾಗವಾಡದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕ ದಿನ ಎರಡು ಕವಿತೆ ಓದಿಕೊಳ್ಳುತ್ತೇನೆ, ಸಿಗದ ದಿನ ನಿಂತುಕೊಂಡೇ ಒಂದನ್ನು ನೆನಪು ಮಾಡಿಕೊಳ್ಳುತ್ತೇನೆ. ನಿಮ್ಮ ಜಪದ ಮಣೆಯ ಮೇಲೆ ಬೆಕ್ಕು ಮಲಗುವ ರೂಢಿ ಮಾಡಿಕೊಂಡಿದೆ. ಎಬ್ಬಿಸಲು ಹೋದರೆ ಅದು ನೋಡುವ ನೋಟ ಥೇಟ್ ನಿಮ್ಮದೇ.

ಈಗ ಕಾಜಲಳ ಸುದ್ದಿ. ಸಾಂಗಲಿಯಲ್ಲಿ ಎಂ.ಸಿ.ಎ. ಓದಿದ ಹುಡುಗಿ, ನಮ್ಮ ನಿತಿನನ ಕೈಹಿಡಿದು ಈ ಮನೆಗೆ ಬಂದು ಮೂರು ವರ್ಷವಾಯಿತು. ಕೊಲ್ಲಾಪುರದಲ್ಲಿ ಒಂದು ಸಣ್ಣ ಕಂಪನಿ ಇದೆ, ಗೋದಾಮು, ಕೋಲ್ಡ್ ಸ್ಟೋರೇಜುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಾರಂತೆ. ಅವರಿಗೆ ಒಬ್ಬರು ಬೇಕಾಗಿದ್ದಾರೆ. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗುವುದು, ಉಳಿದದ್ದು ಮನೆಯಿಂದಲೇ. ನಿಮ್ಮ ಮೊಮ್ಮಗ ಮಿರಜದವರೆಗೆ ಬೈಕಿನಲ್ಲಿ ಬಿಟ್ಟು ಬರುತ್ತೇನೆ ಎಂದು ಈಗಿನಿಂದಲೇ ಟಾಯರಿನ ಗಾಳಿ ನೋಡುತ್ತಿದ್ದಾನೆ. ಸೋಮವಾರ ಸಂಜೆಯೊಳಗೆ ಅರ್ಜಿ ಹೋಗಬೇಕು. ಮದುವೆಯ ನಂತರ ಅವಳು ಕಳಿಸಿದ ಎರಡು ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ನಿಮಗೆ ಹೇಳಿರಲಿಲ್ಲ ಅಷ್ಟೆ. ಮೂರನೆಯದಕ್ಕೂ ಬರದಿದ್ದರೆ ಇನ್ನು ಈ ಗೋಜೇ ಬೇಡ ಎನ್ನುತ್ತಾಳೆ. ಹಾಗೆ ಅನ್ನುವಾಗ ಅವಳು ನಗುತ್ತಾಳೆ, ಆ ನಗು ನನಗೆ ಸೇರುವುದಿಲ್ಲ.

ಅರ್ಜಿ ಎಂದರೆ ನಿಮ್ಮ ಕಾಲದ ಹಾಗೆ ‘ಮಹಾಶಯರೇ’ ಎಂದು ಶುರುಮಾಡುವ ಕಾಗದವಲ್ಲ ಆಯಿ. ರೆಸ್ಯುಮೆ ಎನ್ನುತ್ತಾರೆ. ನಾವೆಲ್ಲ ಬಯೋಡಾಟಾ ಎಂದೇ ರೂಢಿ, ಅಲ್ಲೇ ಎಡವಟ್ಟಾಗಿದ್ದು. ಹಳೆಯ ಎರಡನ್ನೂ ಅವಳು ಕಾಗವಾಡದ ಗುರಪ್ಪನ ಕಂಪ್ಯೂಟರ್ ಸೆಂಟರಿನಲ್ಲಿ ಮಾಡಿಸಿದ್ದಳು. ಮೊನ್ನೆ ತೆಗೆಸಿ ನೋಡುತ್ತೇನೆ, ನೆತ್ತಿಗೆ ದೇವರ ಹೆಸರು, ಕೆಳಗೆ ಎತ್ತರ, ಬಣ್ಣ ಗೋಧಿ, ಸೋದರಮಾವ ಅಥಣಿಯವರು, ತವರಿನ ಜಮೀನು ಇಷ್ಟು ಎಕರೆ. ಎರಡನೆಯ ಪುಟದ ಕೊನೆಗೆ ಎಲ್ಲೋ ಕಂಪ್ಯೂಟರ್ ಕಲಿತದ್ದು. ಕಾಲೇಜಿನಿಂದ ಬರುವಾಗ ಇಳಿದು ಕೇಳಿದರೆ ಗುರಪ್ಪನಿಗೆ ನಾಚಿಕೆಯೇ ಇಲ್ಲ. “ಮೇಡಂ, ಈ ಫಾರ್ಮ್ಯಾಟಿನ್ಯಾಗ ಮಾಡಿದ್ದು ಒಂದೂ ಫೇಲ್ ಆಗಿಲ್ರಿ, ಎಲ್ಲಾ ಲಗ್ನ ಜಮಸ್ಯಾವ” ಎಂದ. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಪಕ್ಕದಾಕೆ ಸರಿದು ಕೂತಳು.

ಆಮೇಲೆ ಪುಣೆಗೆ ಫೋನು ಹಚ್ಚಿದೆ. ನನ್ನ ತಮ್ಮನ ಮಗಳು ಅಪೂರ್ವ ಅಲ್ಲಿ ಬೇರೊಂದು ಕಂಪನಿಗೆ ಜನರನ್ನು ಆರಿಸುವ ಕೆಲಸದಲ್ಲಿದ್ದಾಳಲ್ಲ, ಪರದೆಯಲ್ಲಿ ಮುಖ ತೋರಿಸಿಕೊಂಡು ನಮ್ಮಿಬ್ಬರಿಗೂ ಪಾಠ ಹೇಳಿದಳು. “ಆತ್ಯಾ, ನಾವು ಒಂದೊಂದು ರೆಸ್ಯುಮೆ ನೋಡೂ ಹೊತ್ತಿಗೆ ಬಿಸಿ ಚಾ ಒಂದು ಗುಟುಕೂ ಕುಡ್ಯಾಕಾಗಂಗಿಲ್ಲ. ಅಷ್ಟರಾಗ ಈಕಿ ಏನು ಮಾಡಬಲ್ಲಳು ಅನ್ನೂದು ಕಣ್ಣಿಗೆ ಬೀಳಬೇಕು.” ಒಂದೇ ಪುಟ ಸಾಕಂತೆ. ಜಾತಿ, ತಂದೆಯ ಹೆಸರು, ರಕ್ತದ ಗುಂಪು, ಫೋಟೋ ಯಾವುದೂ ಬೇಡವಂತೆ. ‘ಶ್ರಮಜೀವಿ, ಪ್ರಾಮಾಣಿಕ, ಸಮಯಪಾಲಕಿ’ ಎಂದು ಕಾಜಲ ಬರೆದದ್ದನ್ನು ಅಪೂರ್ವ ಅಲ್ಲಿಂದಲೇ ಕೈಬೀಸಿ ಅಳಿಸಿದಳು. ಆಲಸಿ ಎಂದು ಯಾರಾದರೂ ಬರೆದುಕೊಂಡದ್ದು ನೋಡಿದ್ದೀರಾ ಎಂದು ಕೇಳಿದಳು. ಗುಣ ಹೇಳಬಾರದು, ಕೆಲಸ ಹೇಳಬೇಕು. ಕಂಪನಿಯವರು ಜಾಹೀರಾತಿನಲ್ಲಿ ಏನು ಕೇಳಿದ್ದಾರೆ ಎಂದು ನೋಡಿ, ಅದರಲ್ಲಿ ನಿಜಕ್ಕೂ ಬರುವುದನ್ನು ಅವರ ಮಾತಿನಲ್ಲೇ ಮೇಲೆ ಇಡಬೇಕು. ಬಾರದ್ದನ್ನು ಸೇರಿಸಿದರೆ ಎದುರಿಗೆ ಕೂರಿಸಿ ಕೇಳಿದಾಗ ಸಿಕ್ಕಿಬೀಳುತ್ತೇವೆ. ಪ್ರತಿ ಸಾಲೂ ಏನು ಮಾಡಿದೆ ಎಂಬಲ್ಲಿಂದ ಹೊರಟು, ಅದರಿಂದ ಏನಾಯಿತು ಎಂಬಲ್ಲಿ ನಿಲ್ಲಬೇಕು. ಕೇಳುತ್ತ ನನಗೆ ಒಳಗೊಳಗೇ ಸಂತೋಷವಾಯಿತು. ಒಳ್ಳೆಯ ಕವಿತೆಯೂ ತನ್ನ ಬಗ್ಗೆ ಏನೂ ಹೇಳಿಕೊಳ್ಳದೆ ಎದುರಿಗೆ ಒಂದು ವಸ್ತುವನ್ನು ಇಟ್ಟು ಹೋಗುತ್ತದೆ. ಇದನ್ನು ಅಪೂರ್ವಳಿಗೆ ಹೇಳಿದ್ದಕ್ಕೆ, “ಆತ್ಯಾ, ನೀ ಇದರಾಗ ಕವಿತಾ ತರಬ್ಯಾಡ” ಎಂದಳು. ಕಾಜಲಳಿಗೆ ಆ ದಿನ ಮೊದಲ ಸಲ ನಿಜವಾದ ನಗು ಬಂತು.

ಎರಡು ದಿನ ಕೂತು ಕಾಜಲ ಹೊಸದಾಗಿ ಬರೆದಳು. ನಾನು ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ಚೆನ್ನಾಗಿತ್ತು, ಒಂದು ಜಾಗ ಬಿಟ್ಟು. ಮದುವೆಯಾದಾಗಿನ ಮೂರು ವರ್ಷಕ್ಕೆ ‘ಮನೆಯ ಜವಾಬ್ದಾರಿ’ ಎಂದು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಣದ್ರಾಕ್ಷಿ ಶೆಡ್ಡಿನ ಆ್ಯಪ್ ತಯಾರಿಸಲು ಸಹಾಯ ಮಾಡಿದೆ’ ಎಂದು ಹಾಕಿದ್ದಳು. ಅಪೂರ್ವ ಓದಿ ಕಣ್ಣು ಸಣ್ಣ ಮಾಡಿದಳು. “ವಹಿನಿ, ಸಹಾಯ ಮಾಡಿದಾಕಿ ನೀ ಆದ್ರ, ಮಾಡಿದವರು ಯಾರು?” ಕಾಜಲ ನನ್ನ ಮುಖ ನೋಡಿದಳು. ನಾನು ಶೇಂಗಾ ನೋಡಿದೆ.

ನಿಮಗೆ ನೆನಪಿರಬೇಕು ಆಯಿ. ನಮ್ಮದು, ಸುತ್ತಲಿನ ಊರಿನವರದು ಎಂದು ಎಲ್ಲರ ದ್ರಾಕ್ಷಿಯೂ ಅದೇ ಶೆಡ್ಡಿಗೆ ಬಂದು, ದ್ರಾವಣದಲ್ಲಿ ಅದ್ದಿ, ಜಾಳಿಗೆಯ ಮೇಲೆ ಸಾಲುಸಾಲಾಗಿ ಒಣಗುತ್ತದೆ. ಒಬ್ಬರ ಮಾಲು ಇನ್ನೊಬ್ಬರ ಚೀಲಕ್ಕೆ ಹೋಗಿ ಪ್ರತಿ ಸುಗ್ಗಿಗೂ ಜಗಳ. ಶೆಡ್ ನೋಡಿಕೊಳ್ಳುವ ಭರಮು ಇಬ್ಬರ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ. ಕಾಜಲ ಹೊಸದಾಗಿ ಬಂದವಳು, ಬುತ್ತಿ ಕೊಡಲು ಹೋದಾಗ ಈ ಗದ್ದಲ ನೋಡಿ, ಪ್ರತಿ ಜಾಳಿಗೆಗೂ ಒಂದು ಚೀಟಿ ಅಂಟಿಸಿ, ಫೋನು ಹಿಡಿದರೆ ಮಾಲು ಯಾರದು, ಯಾವಾಗ ಹಾಕಿದ್ದು, ಯಾವಾಗ ತೆಗೆಯಬೇಕು ಎಂದು ತೋರಿಸುವ ಆ್ಯಪ್ ಮಾಡಿದಳು. ಓದಲು ಬಾರದವರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ದನಿಯಲ್ಲೇ ಹೇಳುತ್ತದೆ. ಹೋದ ವರ್ಷ ಮಾಘದಲ್ಲಿ ಶೆಡ್ಡಿನ ಪೂಜೆಯ ದಿನ ಎಲ್ಲರೂ ಬೆರಗಾಗಿ “ಯಾರ್ ಮಾಡ್ಯಾರ್ರಿ ಇದನ್ನ?” ಎಂದು ಕೇಳಿದಾಗ ನೀವು ಸೆರಗು ಸರಿಪಡಿಸಿಕೊಂಡು ಹೇಳಿದಿರಿ, “ನಮ್ಮ ನಿತಿನ.” ಮನೆಗೆ ಬಂದು ನನಗೆ ಮೆಲ್ಲಗೆ ಕಾರಣವನ್ನೂ ಹೇಳಿದಿರಿ. ಹೊಸ ಸೊಸೆ, ಹೊಟ್ಟೆ ಫಲಿಸಬೇಕಾದ ಹುಡುಗಿ, ಅವಳ ಹೆಸರು ಅಷ್ಟು ಜನರ ಬಾಯಿಗೆ ಬಿದ್ದರೆ ದೃಷ್ಟಿಯಾಗುತ್ತದೆ. ನನಗೂ ನೀವು ಹೀಗೆಯೇ ಮಾಡಿದ್ದಿರಿ. ನನಗೆ ಎಂ.ಎ.ಯಲ್ಲಿ ಮೊದಲ ದರ್ಜೆ ಬಂದಾಗ ನೆರೆಯವರಿಗೆ “ಹೂಂ, ಪಾಸಾಗ್ಯಾಳಂತ” ಎಂದಷ್ಟೇ ಹೇಳಿ, ಒಳಗೆ ಬಂದು ಹೋಳಿಗೆಗೆ ಬೇಳೆ ಇಟ್ಟಿದ್ದಿರಿ. ನಿಮ್ಮ ಪ್ರೀತಿ ಬಾಯಿಗಿಂತ ಒಲೆಯ ಮೇಲೆ ಹೆಚ್ಚು ಬರುತ್ತದೆ. ನನಗೆ ಅದು ಗೊತ್ತು, ಕಾಜಲಳಿಗೂ ಗೊತ್ತು.

ಆದರೆ ಅಂದಿನಿಂದ ಅದು ನಿತಿನನ ಆ್ಯಪ್ ಆಗಿ ಕೂತಿದೆ. ಅವನು ಹೇಳಿ ಹೇಳಿ ಸೋತ. “ನಂಗ ಫೋನಿನ್ಯಾಗ ಹಾಡ ಹಚ್ಚಾಕ ಬರ್ತೈತಿ, ಅಷ್ಟ. ಇದು ಕಾಜಲಂದು” ಎಂದರೆ, “ನೋಡ್ರಿ, ಎಷ್ಟ ವಿನಯ! ಆಯಿ ಬೆಳೆಸಿದ ಹುಡುಗ” ಎಂದು ಇನ್ನಷ್ಟು ಹೊಗಳುತ್ತಾರೆ. ಮೊನ್ನೆ ಊಟಕ್ಕೆ ಕೂತು, “ಮಮ್ಮಿ, ಬಿ.ಎ. ಫೇಲ್ ಆಗಿ ಊರಾಗ ಇಂಜಿನಿಯರ್ ಆದಾಂವ ನಾ ಒಬ್ಬನ” ಎಂದ. ತಮಾಷೆಗೇ ಅಂದದ್ದು, ಆದರೆ ತಟ್ಟೆಯಿಂದ ಕಣ್ಣು ಎತ್ತಲಿಲ್ಲ.

ಕಾಜಲಳಿಗೆ ನಾನೇ ಹೇಳಿದೆ, ‘ಸಹಾಯ’ ಎಂಬುದನ್ನು ತೆಗೆದು ‘ಮಾಡಿದೆ’ ಎಂದು ಬರೆ, ನಿಜ ತಾನೇ. ಅವಳು, “ಅತ್ತಿ, ಹಂಗ ಬರದ್ರ ಆಯಿ ಸುಳ್ಳ ಹೇಳಿದಂಗ ಆಗ್ತೈತಿ” ಎಂದಳು. ಮತ್ತೆ, “ತನ್ನನ್ನ ತಾನ ಹೊಗಳಿಕೊಂಡ್ರ ಕರ್ಮ ಕಟ್ಟತೈತಿ ಅಂತ ಪಾಠಶಾಲೆಯೊಳಗ ಆಯಿನ ಹೇಳ್ಯಾರಲ್ಲ” ಎಂದಳು. ನೀವು ಪ್ರತಿ ಭಾನುವಾರ ಬಸದಿಯಲ್ಲಿ ಮಕ್ಕಳಿಗೆ ಹೇಳುವ ಪಾಠವನ್ನು ಈ ಹುಡುಗಿ ಹಿಂದಿನ ಕಂಬಕ್ಕೆ ಒರಗಿ ಕೇಳಿ, ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ ನೋಡಿ. ಪಂಡಿತರ ಮಕ್ಕಳಿಗೂ ಇಷ್ಟು ಅಂಟಿದ್ದನ್ನು ನಾನು ಕಂಡಿಲ್ಲ.

ನಿನ್ನೆ ಸಂಜೆ ಪ್ರತಿಕ್ರಮಣಕ್ಕೆ ಕೂತಾಗ ನನಗೊಂದು ಹೊಳೆಯಿತು. ಸರಿಯೋ ತಪ್ಪೋ ನೀವೇ ಹೇಳಬೇಕು. ಆ ಹೊತ್ತಿನಲ್ಲಿ ನಾವು ನಾನು ನೋಯಿಸಿದೆ, ನಾನು ಸಿಟ್ಟಾದೆ, ನಾನು ಮರೆತೆ ಎಂದು ಒಂದೊಂದನ್ನೂ ನಮ್ಮ ಹೆಸರಿಗೇ ಬರೆದುಕೊಳ್ಳುತ್ತೇವೆ, ಸೊಸೆ ಮಾಡಿದ ತಪ್ಪನ್ನು ಮಗನ ಹೆಸರಿಗೆ ಹಾಕುವುದಿಲ್ಲ. ತಪ್ಪಿಗೆ ‘ನಾನು’ ಎನ್ನಲು ಧರ್ಮ ಕಲಿಸಿದೆ ಎಂದ ಮೇಲೆ, ಮಾಡಿದ ಕೆಲಸಕ್ಕೂ ಅಷ್ಟೇ ತಣ್ಣಗೆ ‘ನಾನು’ ಎನ್ನುವುದು ಹೊಗಳಿಕೆ ಹೇಗಾದೀತು? ‘ನನ್ನಂಥವಳು ಇಲ್ಲ’ ಎಂದು ಅವಳು ಬರೆಯುತ್ತಿಲ್ಲ. ‘ಈ ಜಾಳಿಗೆಗಳಿಗೆ ಹೆಸರು ಕೊಟ್ಟೆ, ಜಗಳ ನಿಂತಿತು’ ಎಂದು ಬರೆಯಬೇಕಾಗಿದೆ, ಅಷ್ಟೆ. ಇದನ್ನು ಅವಳಿಗೂ ಹೇಳಿದೆ. ತಲೆದೂಗಿದಳು. “ನೀವಂದದ್ದು ಖರೇ ಅತ್ತಿ, ಆದ್ರ ನೀವು ಆಯಿ ಅಲ್ಲ” ಎಂದಳು. ಮೂವತ್ತು ವರ್ಷ ಈ ಮನೆಯಲ್ಲಿದ್ದು ಈ ಮಾತು ಕೇಳಬೇಕಾಯಿತು! ಸಿಟ್ಟು ಬರಲಿಲ್ಲ. ನಿಜವನ್ನೇ ಹೇಳಿದಳು.

ದಶಲಕ್ಷಣ ಪರ್ವಕ್ಕೆ ನಾವೆಲ್ಲ ಅಲ್ಲಿಗೆ ಬರುತ್ತೇವೆ. ಅಲ್ಲಿಯವರೆಗೆ ರಾತ್ರಿ ಹೊದ್ದುಕೊಂಡೇ ಮಲಗಿ, ಬೆಟ್ಟದ ಗಾಳಿ ನಿಮಗಾಗುವುದಿಲ್ಲ. ಮುನಿಸಂಘಕ್ಕೆ ನಮ್ಮೆಲ್ಲರ ನಮೋಸ್ತು ತಿಳಿಸಿ. ನಿತಿನ, ಕಾಜಲ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಹೇಳಿದ್ದಾರೆ. ನಿಮ್ಮ ಕೈ ನಮ್ಮ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಮಂಗಲ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪೂರ್ವಳ ಫೋನು ಬಂತು, ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೊಂದಿಸಿಕೊಂಡು ಓದಿ. ಕಂಪನಿಯವರು ಮುಂದೆ ಶೆಡ್ಡಿಗೆ ಫೋನು ಮಾಡಿ ವಿಚಾರಿಸಿದರೂ ವಿಚಾರಿಸಬಹುದು ಎಂದು ಅವಳೇ ಇವತ್ತು ಭರಮುಗೆ ಹಚ್ಚಿ, ತಾನು ಯಾರು ಎಂದು ಹೇಳಿ, ಹಾಗೆ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಕಾಕಾ ಎಂದಳಂತೆ. ಭರಮು ಹೇಳಿದನಂತೆ, “ನಿತಿನ ಮಾಡ್ಯಾನ ಅಂತೀನಿ, ತಾಯಿ. ಆಯಿ ಹಂಗ ಹೇಳ್ಯಾರ. ಆದ್ರ ಅದು ಬಂದ್ ಬಿದ್ದಾಗ ಯಾರ್ನ ಕರೀತೀರಿ ಅಂತ ಕೇಳಿದ್ರ ಕಾಜಲಬಾಯಿ ನಂಬರ ಕೊಡ್ತೀನಿ. ನಿತಿನಗ ಹಚ್ಚಿದ್ರೂ ಅಂವಾ ಓಡಿ ಹೋಗಿ ಅಕಿ ಕೈಯಾಗ ಕೊಡ್ತಾನ. ಯಾರಿಗಿ ಗೊತ್ತಿಲ್ಲದ್ದು ಇದು? ಎಲ್ಲಾರಿಗೂ ಗೊತ್ತೈತಿ. ಆಯಿ ಒಂದ ಮಾತ ಅಂದ ಮ್ಯಾಲ ನಾವ್ಯಾರ ಬ್ಯಾರೆ ಅನ್ನಾಕ?”

ಊರೆಲ್ಲ ನಿಮ್ಮ ಮಾತು ಕಾಯುತ್ತ ಕೂತಿದೆ ಆಯಿ, ನಮಗೇ ತಿಳಿದಿರಲಿಲ್ಲ. ಕಾಜಲ ‘ಸಹಾಯ ಮಾಡಿದೆ’ ಎಂಬ ಸಾಲು ಅಳಿಸಿ, ಜಾಗ ಖಾಲಿ ಬಿಟ್ಟಿದ್ದಾಳೆ. ನನಗೆ ಉತ್ತರ ಬರೆಯುವ ತ್ರಾಸು ತೆಗೆದುಕೊಳ್ಳಬೇಡಿ. ಭಾನುವಾರ ನಿಮ್ಮ ಮಗನ ಗಾಡಿಯಲ್ಲಿ ಭರಮುವೂ ಬರುತ್ತಿದ್ದಾನೆ, ಓಣಿಯವರೂ ಬರುತ್ತಿದ್ದಾರೆ. ಎಲ್ಲರೂ ಕೂತಿರುವಾಗ ಒಂದೇ ಸಲ, ಹಿಂದಿನವರಿಗೂ ಕೇಳುವಷ್ಟು ದೊಡ್ಡದಾಗಿ, ಅದನ್ನು ಮಾಡಿದವಳು ನಮ್ಮ ಕಾಜಲ ಎಂದುಬಿಡಿ. ಅವರು ಊರು ಮುಟ್ಟುವ ಮೊದಲೇ ಆ ಮಾತು ಇಲ್ಲಿಗೆ ಮುಟ್ಟುತ್ತದೆ. ಅವಳು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿರುತ್ತಾಳೆ.