ಸಿಗಡಿಗೆ ನನ್ನ ಹೆಸರು

ಕಳಮಶ್ಶೇರಿ
೧೨ ಜೂನ್ ೨೦೨೫

ಗಣೇಶಪ್ರಸಾದರಿಗೆ ನಮಸ್ಕಾರ.

ಮೊದಲು 'ಪ್ರೀತಿಯ' ಅಂತ ಬರೆದಿದ್ದೆ. ಆ ಹಾಳೆ ಹರಿದುಹಾಕಿ ಬೇರೆ ತೆಗೆದುಕೊಂಡೆ. ಲ್ಯಾಬಿನಲ್ಲಿ ನಿಮ್ಮನ್ನು ನೀನು ಅನ್ನುತ್ತಿದ್ದವಳು ನಾನು. ಮದುವೆಯಾದ ಮೇಲೆ ಕಾಸರಗೋಡಿನಲ್ಲಿ ನಿಮ್ಮ ಅಮ್ಮನ ಎದುರು ನೀವು ಅಂತ ಶುರುಮಾಡಿದೆ, ಅದೇ ನಾಲಿಗೆಗೆ ಅಂಟಿತು. ಈಗ ಒಳ್ಳೆಯದೇ ಆಯಿತು. ನೀವು ಅಂದರೆ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ.

ನಿಮ್ಮ ಕಾಗದ ಸಿಕ್ಕಿತು. ಕ್ರಿಸ್‌ಮಸ್ಸಿನಿಂದ ಈಚೆ ನಾನು ತಿರುವನಂತಪುರದ ಕಡೆ ಬಂದಿಲ್ಲ, ನಿಮ್ಮ ಫೋನೂ ಎತ್ತಿಲ್ಲ, ಅದಕ್ಕೆ ಪೋಸ್ಟಿನಲ್ಲಿ ಬರೆದಿದ್ದೀರಿ. ಹೇಗಿದ್ದೀಯ ಅನ್ನುವುದಕ್ಕೆ ಒಂದು ಸಾಲು. ಉಳಿದದ್ದೆಲ್ಲ ಸಿಗಡಿ. ಸಂಶೋಧನಾ ಪತ್ರಿಕೆಯವರು ಲೇಖನ ವಾಪಸು ಕಳಿಸಿದ್ದಾರೆ, ಸಿಗಡಿ ಜೀವಂತ ಇದ್ದಾಗಿನ ಫೋಟೋ ಕೇಳಿದ್ದಾರೆ, ಸಿಗಡಿಯಿರುವ ಶೀಶೆ ಒಂದು ಸಂಗ್ರಹಾಲಯಕ್ಕೆ ಸೇರಿರಬೇಕು ಅಂದಿದ್ದಾರೆ, ಎರಡೂ ನಿನ್ನ ಹತ್ತಿರ ಉಂಟಲ್ಲ, ಕೂಡಲೇ ಕಳಿಸು ಅಂತ. ಓದುತ್ತಿದ್ದ ಹಾಗೆ ನನಗೆ ಹೊಟ್ಟೆ ತೊಳಸಿತು. ಅಸಹ್ಯ ಅನ್ನುವುದು ಮನಸ್ಸಿಗೆ ಸೇರಿದ್ದು ಅಂತ ತಿಳಿದಿದ್ದೆ. ಅಲ್ಲ ಮಾರಾಯ್ರೆ, ಅದು ಹೊಟ್ಟೆಯದ್ದೇ.

ನಾನು ಸುಲಭಕ್ಕೆ ಹೇಸುವವಳಲ್ಲ, ನಿಮಗೇ ಗೊತ್ತು. ಅಗತ್ತಿ ದ್ವೀಪದ ಹವಳದ ದಿಬ್ಬದಲ್ಲಿ, ಬಂಡೆಗೆ ಅಂಟಿಕೊಂಡಿದ್ದ ಆ ತೊಗಲು ಚೀಲದಂಥ ಪ್ರಾಣಿಯನ್ನು ಕಿತ್ತು ತಂದವಳು ನಾನು. ದೋಣಿಯಲ್ಲಿ ಕೂತು ಕೊಯ್ದಾಗ ಅದರೊಳಗಿನ ನೀರು ನೇರ ನನ್ನ ಬಾಯಿಗೇ ಚಿಮ್ಮಿತು. ಕೊಳೆತ ವಾಸನೆ, ಕೈತುಂಬ ಲೋಳೆ. ಆ ಲೋಳೆಯ ನಡುವೆ ಅಕ್ಕಿಕಾಳಿನಷ್ಟು ದೊಡ್ಡ ಎರಡು ಸಿಗಡಿ, ಒಂದು ಗಂಡು ಒಂದು ಹೆಣ್ಣು. ಇನ್ನೊಂದು ಪ್ರಾಣಿಯ ಹೊಟ್ಟೆಯೊಳಗೆ ಸಂಸಾರ ಹೂಡಿ, ಅದರ ಲೋಳೆ ನೆಕ್ಕಿಕೊಂಡು ಬದುಕುವ ಜೀವಗಳು. ಆದರೆ ಎಂಥ ಬಣ್ಣ! ನೇರಳೆ ಮೈ, ಬೆನ್ನಿನ ಉದ್ದಕ್ಕೂ ಹಳದಿ ಚುಕ್ಕೆ. ಇದು ಹೊಸ ಜಾತಿ, ಇಂಥದ್ದನ್ನು ಇದುವರೆಗೆ ಯಾರೂ ಬರೆದಿಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಕಿರುಚಿಕೊಂಡೆ. ನಿಮಗೆ ನೋಡುವ ಸ್ಥಿತಿ ಇರಲಿಲ್ಲ. ನೀರು ಕಂಡರೆ ತಲೆ ಸುತ್ತುವ ನೀವು ನನ್ನ ಟವೆಲ್ ಹಿಡಿದುಕೊಂಡು ದೋಣಿಯ ಅಂಚಿನಲ್ಲಿ ವಾಂತಿ ಮಾಡುತ್ತಿದ್ದಿರಿ. ನಾನು ನಗಲಿಲ್ಲ. ಪಾಪ ಅನ್ನಿಸಿತ್ತು.

ಆಮೇಲೆ ಇಲ್ಲಿ ಕೊಚ್ಚಿಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದರ ಒಂದೊಂದು ಕಾಲು, ಕಾಲಿನ ಒಂದೊಂದು ರೋಮ ಬಿಡಿಸಿ ಚಿತ್ರ ಬರೆದವಳು ಯಾರು? ಕುತ್ತಿಗೆ ನೋವಿಗೆ ಬೆಲ್ಟ್ ಹಾಕಿಕೊಂಡವಳು ಯಾರು? ಸಂಬಂಧಿ ಜಾತಿಗಳ ಜೊತೆ ಹೋಲಿಸಿ ಬರೆಯುವುದು ನಿಮ್ಮ ಪಾಲು ಅಂತ ಮಾತಾಗಿತ್ತು. ಲೇಖನದಲ್ಲಿ ಮೊದಲು ನನ್ನ ಹೆಸರು, ಆಮೇಲೆ ನಿಮ್ಮದು. ಇದನ್ನು ಹೇಳಿದ್ದು ನೀವೇ, ಮಟ್ಟಾಂಚೇರಿಯಲ್ಲಿ ದೋಣಿಗೆ ಕಾಯುತ್ತಾ ನಿಂತಿದ್ದಾಗ.

ಆಮೇಲೆ ಬಂತು ತಿರುವನಂತಪುರದ ಪಟ್ಟಂನಲ್ಲಿ ನಿಮ್ಮ ಕಚೇರಿಯ ಕ್ರಿಸ್‌ಮಸ್ ಕೂಟ. ನನ್ನ ಜೊತೆ ಲ್ಯಾಬಿನ ಜುಬೈದಾಳೂ ಬಂದಿದ್ದಳು. ನೀವು ವೇದಿಕೆ ಹತ್ತಿ, ಹೊಸ ಸಿಗಡಿಗೆ ನನ್ನ ಹೆಂಡತಿಯ ಹೆಸರಿಟ್ಟಿದ್ದೇನೆ ಅಂದಿರಿ. ಚಪ್ಪಾಳೆ. ಸುಳ್ಳು ಯಾಕೆ ಹೇಳಲಿ, ಆ ಒಂದು ಗಳಿಗೆ ನನ್ನ ಕಣ್ಣು ತುಂಬಿತು. ಇವರು ಇಷ್ಟು ಪ್ರೀತಿ ಒಳಗೇ ಇಟ್ಟುಕೊಂಡಿದ್ದರಾ ಅಂತ. ಅಷ್ಟರಲ್ಲಿ ಜುಬೈದಾ ಕಿವಿಯ ಹತ್ತಿರ ಬಗ್ಗಿ, ಹಾಗಾದರೆ ನೀನು ಲೇಖಕಿ ಅಲ್ಲವಾ ಅಂತ ಮೆಲ್ಲಗೆ ಕೇಳಿದಳು.

ನಮ್ಮ ಕಸುಬಿನಲ್ಲಿ ತನ್ನ ಹೆಸರನ್ನು ತಾನೇ ಪ್ರಾಣಿಗೆ ಇಟ್ಟುಕೊಳ್ಳುವುದು ನಗೆಪಾಟಲು. ನಿಯಮ ಬೇಡ ಅನ್ನುವುದಿಲ್ಲ, ಆದರೂ ಮರ್ಯಾದೆ ಇದ್ದವರು ಮಾಡುವುದಿಲ್ಲ. ಹಾಗಾಗಿ ಯಾರ ಹೆಸರು ಪ್ರಾಣಿಗೆ ಹೋಯಿತೋ ಅವರು ಲೇಖಕರ ಸಾಲಿನಿಂದ ಎದ್ದು ಹೋಗಬೇಕು. ನನ್ನನ್ನು ನೀವು ಬೈದು ಎಬ್ಬಿಸಲಿಲ್ಲ, ಹೂಮಾಲೆ ಹಾಕಿ ಎಬ್ಬಿಸಿದಿರಿ. ಖಾಲಿಯಾದ ಜಾಗಕ್ಕೆ ಯಾರು? ನಿಮ್ಮ ಮೇಲಧಿಕಾರಿ ಕಿಶೋರ್ ಸಾರ್. ಆ ಮನುಷ್ಯ ಸಿಗಡಿಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ನಿಮ್ಮ ಬಡ್ತಿಯ ಫೈಲು ಅವರ ಮೇಜಿನ ಮೇಲಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಥೂ.

ನಾನು? ನಾನು ಲೇಖನದ ಕೊನೆಯ ಸಾಲಿನಲ್ಲಿದ್ದೆ. ಮಾದರಿ ಸಂಗ್ರಹಕ್ಕೆ ನೆರವಾದ ಪತ್ನಿಗೆ ಕೃತಜ್ಞತೆ.

ಅಲ್ಲಿಗಾದರೂ ನಿಂತಿತಾ? ಗುಲಾಬಿ ಕ್ರೀಮಿನಲ್ಲಿ ಸಿಗಡಿ ಬರೆದ ಕೇಕ್ ತರಿಸಿದ್ದಿರಿ. ಕಿಶೋರ್ ಸಾರ್ ಅದರ ತಲೆ ಕತ್ತರಿಸಿ ನನ್ನ ಬಾಯಿಗೇ ಹಿಡಿದರು. ಊಟದ ಹೊತ್ತಿಗೆ ಚೆಮ್ಮೀನ್ ಫ್ರೈ, ಅಂದರೆ ಹುರಿದ ಸಿಗಡಿ, ಬಂದಾಗ, ಯಾರಿಗೆ ಬೇಕು ಸೌದಾಮಿನಿ ಫ್ರೈ ಅಂತ ಅವರೇ ಕೇಳಿದ್ದು, ಹೊಟ್ಟೆ ಕುಲುಕಿಸಿ ನಕ್ಕದ್ದು. ನೀವೂ ನಕ್ಕಿರಿ. ಎಣ್ಣೆ ಮೆತ್ತಿದ ಬೆರಳಲ್ಲೇ ನನ್ನ ಬೆನ್ನು ತಟ್ಟಿದಿರಿ. ಆ ಸೀರೆ ಎಷ್ಟು ಒಗೆದರೂ ನನಗೆ ಉಡಲಿಕ್ಕಾಗುವುದಿಲ್ಲ.

ಭಾಷಣದಲ್ಲಿ ಇನ್ನೊಂದು ಹೇಳಿದಿರಿ. ಈ ಸಿಗಡಿ ನನ್ನ ಹೆಂಡತಿಯ ಹಾಗೆ, ಮಲ್ಲಿಗೆಯಷ್ಟು ಬಿಳಿ, ಮನೆಬಿಟ್ಟು ಹೊರಗೆ ಬರುವುದೇ ಇಲ್ಲ ಅಂತ. ಬಿಳಿ! ಸ್ಪಿರಿಟ್ಟಿನಲ್ಲಿ ಹಾಕಿಟ್ಟರೆ ಎಂಥ ಸಿಗಡಿಯ ಬಣ್ಣವೂ ತೊಳೆದುಹೋಗುತ್ತದೆ ಅನ್ನುವುದು ಹೊಸದಾಗಿ ಸೇರಿದ ಹುಡುಗಿಯರಿಗೂ ಗೊತ್ತು. ಶೀಶೆಯಲ್ಲಿ ಕಂಡದ್ದನ್ನೇ ಜೀವಂತ ಬಣ್ಣ ಅಂತ ಲೇಖನದಲ್ಲೂ ಬರೆದಿರಿ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕೇಳಬೇಕಾದರೆ ನಾನು ಅಲ್ಲಿದ್ದೆ ಅಂತ ಒಪ್ಪಬೇಕಿತ್ತು. ಪತ್ರಿಕೆಯವರು ಈಗ ಫೋಟೋ ಕೇಳುತ್ತಿರುವುದು ಅದೇ ಅನುಮಾನಕ್ಕೆ.

ನಿಮ್ಮ ಅಮ್ಮ ಮಂದಾಕಿನಿಯಮ್ಮ ಮಾತ್ರ ಕಾಸರಗೋಡಿನಿಂದ ಫೋನ್ ಮಾಡಿ ಅತ್ತರು. ಈರುಳ್ಳಿಯನ್ನೂ ಒಳಗೆ ಬಿಡದ ಮನೆಯ ಸೊಸೆಯ ಹೆಸರನ್ನು ಹೋಗಿ ಹೋಗಿ ಸಿಗಡಿಗೆ ಇಟ್ಟನಲ್ಲ, ಅದನ್ನು ಜನ ತಿನ್ನುತ್ತಾರಾ ಮಗಳೇ ಅಂತ ಕೇಳಿದರು. ಇಲ್ಲ ಅತ್ತೆ, ಅಕ್ಕಿಕಾಳಿನಷ್ಟೇ ಇರುವುದು ಅಂತ ಸಮಾಧಾನ ಮಾಡಿದೆ. ಆ ಇಡೀ ಸಂಗತಿಯಲ್ಲಿ ನನ್ನ ಮಾನದ ಬಗ್ಗೆ ಯೋಚಿಸಿದವರು ಅವರೊಬ್ಬರೇ.

ವೇದಿಕೆಯಲ್ಲಿ ಕೂಗಿದ ಹೆಸರು ಹೆಸರಲ್ಲ, ಅಚ್ಚಾದದ್ದೇ ಹೆಸರು, ಅದರಲ್ಲೂ ಮೊದಲು ಅಚ್ಚಾದದ್ದೇ ಶಾಶ್ವತ ಅಂತ ಲ್ಯಾಬಿನ ಕಿರಿಯರಿಗೆ ಪಾಠ ಹೇಳುತ್ತಿದ್ದವರು ನೀವು. ಅಚ್ಚಾಗುವ ಮೊದಲೇ ಕೇಕ್ ಕತ್ತರಿಸಿದವರೂ ನೀವೇ.

ಈಗ ನೀವು ಕೇಳಿದ್ದಕ್ಕೆ ಉತ್ತರ. ಫೋಟೋ ಕಳಿಸುವುದಿಲ್ಲ. ಶೀಶೆ ನನ್ನ ಕಪಾಟಿನಲ್ಲಿಲ್ಲ. ಇಲ್ಲಿನ ಸಂಗ್ರಹಾಲಯಕ್ಕೆ ಒಪ್ಪಿಸಿಯಾಗಿದೆ. ಬೇಕಾದವರು ಅರ್ಜಿ ಕೊಟ್ಟು ನೋಡಬಹುದು, ನೀವೂ ನೋಡಬಹುದು. ಮನೆಯಲ್ಲಿ ಉಳಿದಿರುವ ನನ್ನ ಪುಸ್ತಕಗಳನ್ನು ಜುಬೈದಾ ಬಂದಾಗ ಅವಳ ಕೈಯಲ್ಲಿ ಕೊಡಿ. ಆ ಸೀರೆಯನ್ನು ಕಳಿಸುವುದು ಬೇಡ.

ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳಿ.

ಇತಿ,
ಯಾವ ಸಿಗಡಿಯೂ ಅಲ್ಲದ
ಸೌದಾಮಿನಿ

ಮರೆತಿದ್ದೆ: ನನ್ನ ಲೇಖನ ಸೋಮವಾರ ಅಚ್ಚಾಯಿತು, ಬಣ್ಣದ ಫೋಟೋಗಳ ಸಮೇತ. ಲೇಖಕಿ ನಾನೊಬ್ಬಳೇ. ನಿನ್ನನ್ನೂ ಸೇರಿಸಿಕೊಳ್ಳುವ ಮನಸ್ಸಿತ್ತು ಪ್ರಸಾದ, ಆದರೆ ಆಗುವ ಹಾಗಿರಲಿಲ್ಲ. ಸಿಗಡಿಗೆ ನಿನ್ನ ಹೆಸರಿಟ್ಟಿದ್ದೇನೆ. ಕೃತಜ್ಞತೆಯ ಸಾಲಿನಲ್ಲೂ ನೀನಿದ್ದೀಯ, ದೋಣಿಯಲ್ಲಿ ಟವೆಲ್ ಹಿಡಿದುಕೊಂಡಿದ್ದಕ್ಕೆ. ಕಿಶೋರ್ ಸಾರಿಗೆ ಹೇಳಿ ಕೇಕ್ ತರಿಸು.