ಕೆಂಚಿಯ ಬಣ್ಣದ ಕೋಳಿ

ಸೋಮವಾರ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು

ಪುಟ್ಟಿಗೆ,

(ಹಾಗೆ ಕರೆಯುವುದು ನಿನ್ನ ಅಪ್ಪ ಒಬ್ಬರೇ ಎಂದು ಗೊತ್ತು. ಈ ಒಂದು ಪತ್ರದ ಮಟ್ಟಿಗೆ ನನಗೂ ಬಿಟ್ಟುಕೊಡು.)

ಕಳೆದ ರಜೆಯಲ್ಲಿ ಹಾಸ್ಟೆಲ್ಲಿನಲ್ಲೇ ಉಳಿದವಳು ಈ ಸಲ ಬರುತ್ತೇನೆ ಎಂದು ಅಪ್ಪನಿಗೆ ಬರೆದಿದ್ದೀಯ. ಕೆಂಚಿಯನ್ನ ನೋಡೋಕೆ ಬರ್ತೀನಿ, ಬೇರೆ ಯಾತಕ್ಕೂ ಅಲ್ಲ ಎಂಬ ಸಾಲನ್ನು ಅವರು ನನಗೆ ಓದಿ ಹೇಳಲಿಲ್ಲ. ಕಾಗದ ಮೇಜಿನ ಮೇಲಿತ್ತು, ನಾನೇ ಓದಿದೆ. ಬೇಜಾರಿಲ್ಲ. ಯಾವ ನೆಪಕ್ಕಾದರೂ ನೀನು ಬಂದರೆ ಸಾಕು ಎಂದು ಕುಣಿದಾಡಿದ್ದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹದಿನೈದು ದಿನದ ಹಿಂದೆ ಕೆಂಚಿ ಚೆನ್ನಾಗಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಕೆಂಚಿ ಸತ್ತು ಮೂರು ವಾರವಾಯಿತು. ಅಂದು ಬೆಳಿಗ್ಗೆ ಹಿತ್ತಲ ಬಾಗಿಲಿನ ಅಗುಳಿ ಹಾಕಿರಲಿಲ್ಲ. ಮರೆತದ್ದು ನಾನು. ಬೀದಿ ನಾಯಿ ಒಳಗೆ ನುಗ್ಗಿತು. ಬೂದಿ, ಡುಮ್ಮಿ ಎರಡು ಕೋಳಿಗಳೂ ನೀರಿನ ತೊಟ್ಟಿ ಹತ್ತಿ ಬದುಕಿಕೊಂಡವು. ಕೆಂಚಿ ಗೂಡಿಗೇ ಯಜಮಾನಿಯಲ್ಲವೇ, ನಾಯಿಗೇ ಎದುರು ನಿಂತಿತಂತೆ. ನೀನೂ ನಿನ್ನ ಅಮ್ಮನೂ ಅಂಗೈಯಲ್ಲಿಟ್ಟು ಸಾಕಿದ ಕೋಳಿ. ಕ್ಷಮಿಸು ಎನ್ನಲೂ ಬಾಯಿ ಬರುತ್ತಿಲ್ಲ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸುದ್ದಿ ಗೊತ್ತಾದರೆ ನೀನು ಬರುವುದೇ ನಿಂತೀತು ಎಂದು ಹೆದರಿದೆ. ಮಾರುಕಟ್ಟೆಯನ್ನೆಲ್ಲ ತಿರುಗಿ ಅದೇ ಬಣ್ಣದ, ಇನ್ನೂ ಮೊಟ್ಟೆಯಿಡದ ಎಳೆ ಹೇಂಟೆಯೊಂದನ್ನು ತಂದೆ. ಕೆಂಚಿಯ ಕಾಲಿಗೆ ನೀನು ಕೆಂಪು ರಿಬ್ಬನ್ ಕಟ್ಟಿದ್ದೆಯಲ್ಲ, ಅಂಥದ್ದೇ ಒಂದನ್ನು ಕತ್ತರಿಸಿ, ಅಂಚು ಮಡಚಿ ಹೊಲಿದು, ಇದರ ಕಾಲಿಗೂ ಕಟ್ಟಿದೆ. ನನ್ನ ಕೈಕೆಲಸಕ್ಕೆ ನಾನೇ ಭೇಷ್ ಎಂದುಕೊಂಡು ನೇರ ಗೂಡಿಗೆ ಬಿಟ್ಟೆ.

ಕೋಳಿಗಳು ಮೋಸ ಹೋಗಲಿಲ್ಲ. ಎರಡೂ ಸೇರಿ ಆ ರಿಬ್ಬನ್ನನ್ನೇ ಕುಕ್ಕಿ ಕುಕ್ಕಿ ಕಾಲಲ್ಲಿ ರಕ್ತ ಬರಿಸಿದವು. ರಕ್ತ ಕಂಡ ಮೇಲೆ ಕೇಳಬೇಕೇ. ಪಕ್ಕದ ಮನೆಯ ನರ್ಸಮ್ಮ ಓಡಿಬಂದು ಬಿಡಿಸಿ, ಔಷಧಿ ಹಚ್ಚಿ, ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಕೆಂಪು ಕಂಡ್ರೆ ಕೋಳಿ ಸುಮ್ನಿರತ್ತಾ, ಯಜಮಾನಿ ಕಾಲಲ್ಲಿದ್ರೆ ಯಾರೂ ಮುಟ್ಟಲ್ಲ, ನಿನ್ನೆ ಬಂದವಳಿಗೆ ಅವಳ ರಿಬ್ಬನ್ ಕಟ್ಟಿದ್ರೆ ಕೊಂದೇ ಹಾಕ್ತವೆ ಅಂದರು.

ಅವರು ಹೇಳಿದ್ದು ಕೋಳಿಯ ಮಾತು. ನಾಟಿದ್ದು ನನಗೆ. ಮದುವೆಯಾದ ಹೊಸದರಲ್ಲಿ ನಿನ್ನ ಅಮ್ಮನ ಸ್ವೆಟರ್ ಹಾಕಿಕೊಂಡು ಅಡುಗೆಮನೆಗೆ ಬಂದೆ, ನೀನು ತಟ್ಟೆ ಬಿಟ್ಟು ಎದ್ದು ಹೋದೆ, ನೆನಪಿದೆಯಾ? ಚಳಿಗೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡೆ ಎಂದು ಅಪ್ಪನಿಗೆ ಹೇಳಿದೆ. ಚಳಿಯೂ ಇರಲಿಲ್ಲ, ಗಿಳಿಯೂ ಇರಲಿಲ್ಲ. ನಿನಗೆ ಹಿತವೆನಿಸೀತು ಎಂದುಕೊಂಡಿದ್ದೆ. ದಡ್ಡಿ ನಾನು.

ರಿಬ್ಬನ್ ಕತ್ತರಿಸಿ ಎಸೆದೆ. ಗೂಡಿನ ನಡುವೆ ತಂತಿ ಬಲೆ ಕಟ್ಟಿ ಈ ಹೊಸ ಹೇಂಟೆಯನ್ನು ಈಚೆ, ಅವನ್ನು ಆಚೆ ಇಟ್ಟೆ. ನೋಡಬಹುದು, ಕುಕ್ಕುವಂತಿಲ್ಲ. ಡುಮ್ಮಿ ಎರಡು ದಿನ ಬಲೆಯನ್ನೇ ಕುಕ್ಕಿ ಸುಸ್ತಾದಳು. ದಿನವೂ ಆಚೆಗೂ ಈಚೆಗೂ ಒಂದೇ ಹೊತ್ತಿಗೆ ಕಾಳು ಹಾಕಿದೆ. ಒಂಬತ್ತನೆಯ ದಿನ ನೋಡಿದರೆ ಬೂದಿ ಬಲೆಗೆ ಒರಗಿ ಕೂತಿದೆ, ಈಚೆಯಿಂದ ಇದೂ ಒರಗಿದೆ. ನಾನು ಅಲ್ಲೇ ನಿಂತು ಅತ್ತೆ, ಯಾರಿಗೂ ಹೇಳಬೇಡ.

ನಿನ್ನೆ, ಹನ್ನೆರಡು ದಿನವಾದ ಮೇಲೆ, ಬಲೆ ಬಿಚ್ಚಿದೆ. ಎರಡು ಕಡೆ ಕಾಳು, ಎರಡು ಕಡೆ ನೀರು, ಓಡಿ ಅವಿತುಕೊಳ್ಳಲು ಗೋಡೆಗೆ ಒರಗಿಸಿದ ಒಂದು ಹಲಗೆ. ಎರಡು ಮೂರು ಏಟು ಬಿದ್ದವು, ರಕ್ತ ಬರಲಿಲ್ಲ. ಹೊಸದು ಎಲ್ಲರದಾದ ಮೇಲೆ ತಿನ್ನುತ್ತದೆ, ಕೆಳಗಿನ ಕೋಲಿನ ಮೇಲೆ ಕೂರುತ್ತದೆ. ಮೇಲಿನ ಕೋಲಿನಲ್ಲಿ ಕೆಂಚಿಯ ಜಾಗ ಹಾಗೇ ಖಾಲಿ ಇದೆ. ಹೆಸರಿಟ್ಟಿಲ್ಲ, ಅದು ನಿನ್ನ ಕೆಲಸ.

ಇಷ್ಟು ಓದಿ ನೀನು ಬರುವುದಿಲ್ಲ ಎಂದರೆ ನಾನು ಏನೂ ಹೇಳಲಾರೆ. ಕೋಪ ನನ್ನ ಮೇಲಿರಲಿ, ಅಪ್ಪನಿಗೆ ಮಾತ್ರ ಒಂದು ಸಾಲು ಬರೆ. ದಿನಾ ಅಂಚೆಯವನ ದಾರಿ ನೋಡುತ್ತಾರೆ. ಬಂದರೆ ನನ್ನನ್ನು ಮಾತಾಡಿಸಲೇಬೇಕೆಂದಿಲ್ಲ. ಬಿಚ್ಚಿದ ಬಲೆ ಸುತ್ತಿಟ್ಟಿದ್ದೇನೆ, ಬೇಕಾದರೆ ನಮ್ಮಿಬ್ಬರ ನಡುವೆ ಕಟ್ಟಿಕೊಳ್ಳೋಣ.

ಯೂನಿಫಾರ್ಮಿನ ಅಳತೆ ಕೊಡಲು ಬರುತ್ತಿದ್ದಾಗ ನೀನು ಕರೆಯುತ್ತಿದ್ದ,

ಟೈಲರ್ ಆಂಟಿ

ತಾ.ಕ.: ಪುಟ್ಟೀ, ಇದು ಅಪ್ಪ. ಅಂಚೆಗೆ ಹಾಕಿ ಎಂದು ಕೊಟ್ಟಿದ್ದಳು. ಲಕೋಟೆ ಅಂಟಿಸಿರಲಿಲ್ಲ, ಓದಿಬಿಟ್ಟೆ. ಎಲ್ಲವೂ ನಿಜ, ಒಂದನ್ನು ಬಿಟ್ಟು. ಆ ಬೆಳಿಗ್ಗೆ ಇವಳು ಆಗಲೇ ಅಂಗಡಿಗೆ ಹೋಗಿದ್ದಳು. ಅಗುಳಿ ಹಾಕದೆ ಹೋದವನು ನಾನು. ಅಮ್ಮ ಹೋದ ಸುದ್ದಿಯನ್ನು ಶಾಲೆಗೆ ಬಂದು ನಿನಗೆ ಹೇಳಿದವನು ನಾನೇ, ಇದನ್ನೂ ನಾನೇ ಹೇಳಬೇಕಾ ಎಂದು ಇವಳ ಮುಂದೆ ಕೂತು ಕೇಳಿದ್ದೆ. ಶನಿವಾರ ಕರೆದುಕೊಂಡು ಹೋಗಲು ಬರುತ್ತೇನೆ. ಬೈಯುವುದಿದ್ದರೆ ದಾರಿಯುದ್ದಕ್ಕೂ ನನಗೆ ಬೈ, ಮನೆಗೆ ಬಂದ ಮೇಲೆ ಅವಳಿಗೆ ಬೇಡ.