ಹದ ಮಾಡಿದ ತೊಗಲಿನ ಸುಂಕ

ಬಳ್ಳಾರಿ,
೧೪ನೇ ಸೆಪ್ಟೆಂಬರ್ ೧೮೯೮

ಸಿರುಗುಪ್ಪದ ಮನೆಯಲ್ಲಿ ಸುಖವಾಗಿರುವ ಅಮ್ಮನಿಗೆ ಮಗಳು ಜುಬೇದಾಳ ಸಾವಿರ ಸಲಾಂ.

ಅಮ್ಮಾ, ಈ ಪತ್ರ ಕೈಗೆ ಬಂದ ಕೂಡಲೇ ಉಸ್ಮಾನಣ್ಣನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು. ಅಕ್ಕಪಕ್ಕದವರು ಬಂದು ಕೂತರೆ ಇನ್ನೂ ಒಳ್ಳೆಯದು. ಹೋದ ತಿಂಗಳು ಇಲ್ಲಿಗೆ ಬಂದ ಅಣ್ಣ, ನಮ್ಮ ತೊಗಲಿನ ಹೊಂಡಗಳ ಪಕ್ಕ ಮೂಗು ಮುಚ್ಚಿಕೊಂಡು ನಿಂತು, ಈ ಹದ ಮಾಡೋ ಕೆಲಸ ಇನ್ನ ಮುಗೀತು, ಹೊಂಡ ಮುಚ್ಚಿ ಕರೂರಿನ ನನ್ನ ಗದ್ದಿ ನೋಡ್ಕೊಂಡಿರಾಕ ಬರ್ರಿ ಅಂದಿದ್ದನಲ್ಲ, ಅವನಿಗೆ ಇದು ಜವಾಬು.

ಆಗ ಅವನು ಹಾಗೆ ಅನ್ನಲು ಕಾರಣವೂ ಇತ್ತು, ನಿಜ. ನಮ್ಮ ಸರಕು ಕೊಂಡು ಅಮೆರಿಕಕ್ಕೆ ಕಳಿಸುವ ಮದರಾಸಿನ ಸಾಹುಕಾರರು ಕಾಗದ ಹಾಕಿದ್ದರು. ಇನ್ನು ಮುಂದೆ ಆಡಿನ ತೊಗಲಿಗೆ ಉಪ್ಪು ಹಚ್ಚಿ ಹಸಿಯಾಗಿಯೇ ಕಳಿಸಿ, ಹದ ಮಾಡಿದ್ದು ಬೇಡ ಎಂದಿದ್ದರು. ಕಾರಣ ಕೇಳಿದರೆ ನಿನಗೆ ನಗು ಬಂದೀತು. ಅಮೆರಿಕ ದೇಶದ ಅಧ್ಯಕ್ಷರು ಹೋದ ವರ್ಷ ಒಂದು ಕಾಯಿದೆಗೆ ರುಜು ಹಾಕಿದರಂತೆ. ಆಡಿನ ಹಸಿ ತೊಗಲು ಸುಂಕವಿಲ್ಲದೆ ಅವರ ಬಂದರಿನಲ್ಲಿ ಇಳಿಯಬಹುದು, ಹದ ಮಾಡಿದ್ದಾದರೆ ಸುಂಕ ಕಟ್ಟಬೇಕು. ಪಕ್ಕದ ಬೀದಿಯಲ್ಲಿರುವ ಕಚೇರಿ ಗುಮಾಸ್ತರು ಶ್ರೀನಿವಾಸರಾಯರು ಪತ್ರಿಕೆ ಓದಿ ತಿಳಿಸಿದರು. ಅಲ್ಲಿ ಹದ ಮಾಡೋರ ಹೊಟ್ಟಿ ತುಂಬಬೇಕಲ್ಲಮ್ಮ, ಅವರ ಮಂದಿ ಅವರಿಗೆ ಹೆಚ್ಚು ಅಂದರು. ಅದೇ ಅಧ್ಯಕ್ಷರು ಈ ವರ್ಷ ಕ್ಯೂಬಾದ ಜನರನ್ನು ಬಿಡಿಸುತ್ತೇವೆಂದು ಸ್ಪೇನಿನವರ ಮೇಲೆ ದಂಡು ಕಳಿಸಿ, ಜೊತೆಗೆ ಫಿಲಿಪೈನ್ ದ್ವೀಪಗಳ ದೊಡ್ಡ ಪಟ್ಟಣವನ್ನೂ ಹಿಡಿದು ಕೂತಿದ್ದಾರಂತೆ. ಯಾರನ್ನೋ ಬಿಡಿಸಲು ಹೊರಟವರಿಗೆ ಬಳ್ಳಾರಿಯ ನಮ್ಮ ಆರು ಹೊಂಡಗಳ ತಂಟೆ ಯಾಕೆ ಬೇಕಿತ್ತು? ನನಗೆ ಮೈಯೆಲ್ಲ ಉರಿಯಿತು.

ಉಪ್ಪು ಹಚ್ಚಿ ಕಳಿಸುವುದು ಯಾರಿಗಾದರೂ ಬರುತ್ತದೆ. ನಿನ್ನ ಅಳಿಯನ ಕೆಲಸ ನೀನೇ ಕಂಡಿದ್ದೀಯ. ಸುಣ್ಣದ ಹೊಂಡದಿಂದ ತೊಗಲು ತೆಗೆದು, ಕೂದಲು ಹೆರೆದು, ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ದಿನವೂ ಹೊರಳಿಸಿ, ಬೆರಳಿನಿಂದ ಮುಟ್ಟಿಯೇ ಇನ್ನೆಷ್ಟು ದಿನ ಬೇಕೆಂದು ಹೇಳುತ್ತಾರೆ. ಮಾವನವರಿಂದ ಬಂದ ಕೈಗುಣ ಅದು. ಹೊಂಡ ಒಣಗಿದರೆ ಆ ಕೈಗೆ ಕೆಲಸವಿಲ್ಲ, ಜೊತೆಗೆ ದುಡಿಯುವ ಚಂದ್ರಣ್ಣ, ಪಾರಮ್ಮ ಇವರ ಮನೆಗಳಲ್ಲಿ ಒಲೆಯೂ ಉರಿಯುವುದಿಲ್ಲ.

ಅಂಥ ಹೊತ್ತಿನಲ್ಲಿ ನಿನ್ನ ಅಳಿಯ ಏನು ಮಾಡಿದರು ಗೊತ್ತೇ? ನನ್ನನ್ನು ಕರೆದು, ಕಾಗದ ತಗೊ, ಬರಿ ಅಂದರು. ಅವರಿಗೆ ಓದುಬರಹ ಇಲ್ಲದ್ದರಿಂದ ಮದರಾಸಿನ ಕಾಗದಪತ್ರವೆಲ್ಲ ನೀನು ಅಕ್ಷರ ತಿದ್ದಿಸಿದ ಈ ಕೈಯದೇ ಅಲ್ಲವೇ. ಅವರು ಹೇಳಿದರು, ನಾನು ಬರೆದೆ. ಹಸಿ ತೊಗಲು ಬೇಕಂದ್ರ ಬ್ಯಾರೇರನ್ನ ಕೇಳ್ರಿ ಸಾಹುಕಾರ್ರೇ, ನಮ್ಮಲ್ಲಿ ಸಿಗಂಗಿಲ್ಲ. ಹೋದ ಸಲ ಕಳಿಸಿದ್ದರಾಗ ಒಂದು ತೊಗಲು ಮಡಿಚಿ ನೋಡ್ರಿ, ಬಿರುಕು ಬಿಟ್ಟರ ನಾವ ಹೊಂಡ ಮುಚ್ತೀವಿ. ಅಮೆರಿಕದವರಿಗೆ ಬ್ಯಾಡಾದ್ರ ಲಂಡನ್ನಿನವರಿಗೆ ಮಾರ್ರಿ, ಅಲ್ಲಿ ಸುಂಕ ಇಲ್ಲಂತ. ಆ ಅಧ್ಯಕ್ಷರು ಅವರ ಮಂದೀನ ನೋಡ್ಕೊಂಡಾರ, ನಾವು ನಮ್ಮ ಮಂದೀನ ನೋಡ್ಕೊಬ್ಯಾಡೇನು, ಅಂತ.

ಇಪ್ಪತ್ತೆರಡು ದಿನ ಕಾದ ಮೇಲೆ ಜವಾಬು ಬಂತು. ತೊಗಲು ಮಡಿಚಿ ನೋಡಿದೆವು, ಹದ ಮಾಡಿದ್ದನ್ನೇ ಕಳಿಸಿ, ಲಂಡನ್ನಿಗೆ ಹಾಕುತ್ತೇವೆ ಎಂದು ಸಾಹುಕಾರರು ಬರೆಸಿದ್ದಾರೆ. ದರ ಸ್ವಲ್ಪ ಇಳಿಸಿದ್ದಾರೆ. ಇಳಿಸಲಿ, ಆರರಲ್ಲಿ ಐದು ಹೊಂಡ ತುಂಬಿವೆ. ಕುರುಗೋಡಿನ ತೊಗಲಿನವರು ಇಲ್ಲಿಯವರೆಗೆ ಬಂದು ಇವರನ್ನು, ಚಾಂದಸಾಬ್‌ರೇ, ಸಾಹುಕಾರ್ರಿಗೆ ಏನಂತ ಬರಿಸಿದ್ರಿ, ನಮಗೂ ಹೇಳ್ರಿ ಅಂತ ಕೇಳಿ ಹೋದರು. ನಿನ್ನ ಅಳಿಯ ಎದೆ ಸೆಟೆಸಿಕೊಂಡು ಪೇಟೆಯಲ್ಲಿ ನಡೆಯುತ್ತಾರೆ. ನನಗೂ ಹೆಮ್ಮೆಯೇ, ಮುಚ್ಚಿಡುವುದೇಕೆ.

ಗದ್ದೆಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲು ಅಣ್ಣನಿಗೆ ಹೇಳು. ಅವನ ಕಾಲಿನ ಅಳತೆ ಕಳಿಸಿದರೆ ನಮ್ಮ ತೊಗಲಿನಲ್ಲೇ ಒಂದು ಜೊತೆ ಚಪ್ಪಲಿ ಹೊಲಿಸುತ್ತೇನೆ. ನಿನ್ನ ಮೊಣಕಾಲು ಹೇಗಿದೆ ಬರೆ.

ನಿನ್ನ ಮಗಳು,
ಜುಬೇದಾ

ತಾ.ಕ.: ಇಲ್ಲಿಂದಾಚೆ ಗಟ್ಟಿಯಾಗಿ ಓದಬೇಡ, ಇದು ನಿನಗೊಬ್ಬಳಿಗೆ. ಅವತ್ತು ನಿನ್ನ ಅಳಿಯ ಹೇಳಿದ್ದು ಅದಲ್ಲ. ಆತು, ಹಸಿ ತೊಗಲ ಕಳಿಸ್ತೀವಿ ಅಂತ ಬರಿ ಅಂದರು. ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದರು. ನನಗೆ ಬರೆಯಲಾಗಲಿಲ್ಲ. ಸಿಗುವುದಿಲ್ಲ ಎಂದು ಬರೆದವಳು ನಾನು. ಅಂಚೆಗೆ ಹಾಕಿಸಿದ ಮೇಲೆ ಇಪ್ಪತ್ತೆರಡು ದಿನ ನನಗೆ ಅನ್ನ ಸೇರಲಿಲ್ಲ. ಜವಾಬು ಬಂದ ದಿನ ಓದಿ ಹೇಳಿ, ಅತ್ತು, ಎಲ್ಲ ಒಪ್ಪಿಕೊಂಡೆ. ಅವರು ಎದ್ದು ಹೊಂಡದ ಕಡೆ ಹೋದರು. ಸಂಜೆ ಬಂದು, ನೀ ಏನು ಬರೆದಿದ್ದಿ ಹೇಳು ಅಂದರು. ಹೇಳಿದೆ. ಇನ್ನೊಮ್ಮಿ ಹೇಳು ಅಂದರು. ಮೂರು ಸಲ ಹೇಳಿಸಿಕೊಂಡು, ತಲೆ ತಗ್ಗಿಸಿ, ಇದನ್ನ ನಾನ ಹೇಳಿದ್ದೆ ಅಂತ ಮಂದಿಗೆ ಹೇಳಲೇನು ಅಂತ ಕೇಳಿದರು. ಹೂಂ ಅಂದೆ. ನಾಲ್ಕು ದಿನದಿಂದ ಹೇಳುತ್ತಲೇ ಇದ್ದಾರೆ, ಹೇಳಿದಾಗಲೆಲ್ಲ ಹೊಸದೊಂದು ಮಾತು ಸೇರಿಸುತ್ತಾರೆ. ನಾವು ನಮ್ಮ ಮಂದೀನ ನೋಡ್ಕೊಬ್ಯಾಡೇನು ಎಂದು ಮೇಲೆ ಬರೆದೆನಲ್ಲ, ಅದು ಅವರದೇ ಮಾತು, ಅಮ್ಮಾ. ನನಗೆ ಅದು ಹೊಳೆದಿರಲಿಲ್ಲ.